ಕಡತಕ್ಕೆ ಏರದ ಖರ್ಚು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಕನ್ನಡನಾಡಿನ ಗೃಹಸ್ಥರು ಮಕ್ಕಳಿಗೆ ಹೇಳಿಕೊಡುವ ಮೊದಲನೆಯ ಅರ್ಥಶಾಸ್ತ್ರ. ಒಬ್ಬನೇ ಮಲಗುವ ಹಾಸಿಗೆಗೆ ಈ ಗಾದೆ ಸಾಕು. ಒಂದೇ ಹಾಸಿಗೆಯಲ್ಲಿ ಹತ್ತು ಮಂದಿ ಮಲಗಬೇಕಾಗಿ ಬಂದಾಗ ಯಾರ ಕಾಲು ಹೊದಿಕೆಯೊಳಗೆ ಇರಬೇಕು, ಯಾರದು ಚಳಿಯಲ್ಲಿ ಉಳಿಯಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಸರ್ಕಾರದ ಬೊಕ್ಕಸವು ಇಂತಹ ಹಾಸಿಗೆ. ಯಾರೂ ವಿಚಾರಮಾಡಿ ಹಂಚದೆ ಇದ್ದಲ್ಲಿ ಬಲವುಳ್ಳವನು ನಡುವೆ ಮಲಗುವನು. ಮುದುಕರೂ ಮಕ್ಕಳೂ ಅಂಚಿಗೆ ಸರಿಯುವರು. ಇದಕ್ಕೆ ಯಾರ ದುಷ್ಟತನವೂ ಬೇಕಾಗಿಲ್ಲ. ನಿದ್ರೆಯಲ್ಲಿ ತಾನಾಗಿಯೇ ನಡೆದುಹೋಗುವ ಕೆಲಸವಿದು.

ಈ ಹಂಚಿಕೆಯನ್ನು ಎಚ್ಚರದಲ್ಲಿದ್ದು ಮಾಡಬೇಕೆಂಬ ಪ್ರಯತ್ನಕ್ಕೆ ಆರೋಗ್ಯದ ಅರ್ಥಶಾಸ್ತ್ರವೆಂದು ಹೆಸರು. ಹೆಸರನ್ನು ಕೇಳಿದೊಡನೆಯೇ ಸಹೃದಯರ ಮನಸ್ಸು ಸ್ವಲ್ಪ ಹಿಂಜರಿಯುವುದುಂಟು. ಪ್ರಾಣಕ್ಕೆ ಬೆಲೆ ಕಟ್ಟುವುದೆ? ನರಳುವವನ ಮಂಚದ ಪಕ್ಕದಲ್ಲಿ ನಿಂತು ರೂಪಾಯಿ ಎಣಿಸುವುದೆ? ಕರುಣೆ ಇರುವ ಕಡೆ ಲೆಕ್ಕವೇಕೆ? ಆಕ್ಷೇಪವು ಉದಾರವಾದದ್ದೇ, ಆದರೆ ಅದು ಒಂದು ಸಂಗತಿಯನ್ನು ಮರೆಯುತ್ತದೆ. ಲೆಕ್ಕವಿಡದೆ ಇದ್ದ ಮಾತ್ರಕ್ಕೆ ಹಣ ಖರ್ಚಾಗದೆ ನಿಲ್ಲುವುದಿಲ್ಲ. ಅದು ಯಾವುದೋ ಒಂದು ಊರಿಗೆ, ಯಾವುದೋ ಒಂದು ರೋಗಕ್ಕೆ, ಯಾವುದೋ ಒಂದು ವರ್ಗಕ್ಕೆ ಹೋಗಿಯೇ ಹೋಗುತ್ತದೆ. ಎಣಿಸುವವನಿಗೆ ಅದು ಎಲ್ಲಿಗೆ ಹೋಯಿತೆಂಬುದು ಗೊತ್ತಿರುತ್ತದೆ, ಎಣಿಸದವನಿಗೆ ಗೊತ್ತಿರುವುದಿಲ್ಲ. ವ್ಯತ್ಯಾಸವಿರುವುದು ಅಷ್ಟೇ.

ಎಣಿಕೆಯ ಮಾತು ಚಿಕ್ಕಬಳ್ಳಾಪುರದ ಸೀಮೆಗೆ ಹೊಸದಲ್ಲ. ಈ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಜನರು ಕಟ್ಟೆಗಳ ಶಿಲ್ಪಿಯೆಂದು ನೆನೆಯುವರು. ಆದರೆ ಕಲ್ಲುಗಾರೆಗಿಂತಲೂ ಅವರಿಗೆ ಹೆಚ್ಚು ನೆಚ್ಚಿನದಾಗಿದ್ದುದು ಅಂಕಿಅಂಶ. 1911ರಲ್ಲಿ ಮೈಸೂರು ಸಂಸ್ಥಾನದಲ್ಲಿ ಅರ್ಥಸಮ್ಮೇಳನವು ಏರ್ಪಟ್ಟದ್ದು ಅವರ ಸೂಚನೆಯಿಂದ; ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಅವರು ಪುಸ್ತಕ ಬರೆದದ್ದು 1934ರಲ್ಲಿ. ಬಡತನವನ್ನು ಅಳೆದು ನೋಡದೆ ಅದರೊಡನೆ ಹೋರಾಡಲಾಗದೆಂಬುದು ಅವರ ನಡೆಯಲ್ಲೆಲ್ಲ ಕಾಣುವ ನಂಬಿಕೆ. ಪ್ರಶ್ನೆಯೇನೆಂದರೆ, ಏನನ್ನು ಅಳೆಯಬೇಕು? ಹಿಂದಿನ ಕಾಲದ ಶಾನುಭೋಗರ ಕಡತದಲ್ಲಿ ಊರಿನ ಗದ್ದೆ, ಬೆದ್ದಲು, ಹುಣಿಸೆಮರ, ಎಲ್ಲವೂ ಇದ್ದುವು. ಊರಿನಲ್ಲಿ ಯಾರು ಎಷ್ಟು ದಿನದಿಂದ ಕೆಮ್ಮುತ್ತಿರುವರೆಂಬುದು ಇರಲಿಲ್ಲ; ಆ ಕೆಮ್ಮಿಗಾಗಿ ಯಾವ ಓಲೆ ಯಾವ ಸಾಹುಕಾರನ ಪೆಟ್ಟಿಗೆ ಸೇರಿತೆಂಬುದೂ ಇರಲಿಲ್ಲ. ಕಂದಾಯ ಬರುವ ವಸ್ತು ಕಡತಕ್ಕೆ ಏರಿತು, ಕಣ್ಣೀರು ಬರುವ ವಸ್ತು ಏರಲಿಲ್ಲ.

ಕಡತಕ್ಕೆ ಏರದ ಈ ಖರ್ಚು ಎಂತಹದೆಂಬುದನ್ನು ತಿಳಿಯಲು ಶಿಡ್ಲಘಟ್ಟದಲ್ಲಿ ರೇಷ್ಮೆಯ ನೂಲು ಬಿಚ್ಚುವ ಹೆಂಗಸೊಬ್ಬಳನ್ನು ಭಾವಿಸಿಕೊಳ್ಳಬಹುದು. ಬೇಯುವ ಗೂಡಿನ ಬಿಸಿನೀರಿನಲ್ಲಿ ಬೆರಳಿಟ್ಟು, ಹಬೆಯಲ್ಲಿ ಉಸಿರಾಡುತ್ತ, ದಿನಗೂಲಿಗೆ ದುಡಿಯುವವಳು. ಅವಳಿಗೆ ಕೆಮ್ಮು ಹತ್ತುತ್ತದೆ. ಹಬೆಯ ಕೆಮ್ಮೆಂದು ಹದಿನೈದು ದಿನ ಸುಮ್ಮನಿರುವಳು. ಆಮೇಲೆ ಅಂಗಡಿಯ ಮಾತ್ರೆ. ಆಮೇಲೆ ಖಾಸಗಿ ವೈದ್ಯರ ಸೂಜಿ. ಆಮೇಲೆ ಸರ್ಕಾರಿ ಆಸ್ಪತ್ರೆ. ಒಬ್ಬಳೇ ಹೋಗಲಾರಳು, ಗಂಡ ಜೊತೆಗೆ ಬರಬೇಕು. ಎರಡು ಕೂಲಿ ತಪ್ಪಿತು. ಕಫ ಕೊಡಲು ಒಂದು ದಿನ, ಫಲಿತಾಂಶ ಕೇಳಲು ಒಂದು ದಿನ. ಹಾಲಿನ ಡೇರಿಯ ಬಟವಾಡೆ ಬಸ್ಸಿಗೆ ಹೋಯಿತು, ಓಲೆ ಒತ್ತೆಗೆ ಹೋಯಿತು. ಇಷ್ಟೆಲ್ಲ ಆದಮೇಲೆ ಕ್ಷಯವೆಂದು ಗೊತ್ತಾಗಿ ಉಚಿತವಾದ ಔಷಧ ಆರಂಭವಾಗುತ್ತದೆ. ಸರ್ಕಾರದ ಕಡತದಲ್ಲಿ ಅವಳ ಲೆಕ್ಕ ಆ ದಿನ ತೆರೆಯುವುದು. ಅವಳ ಮನೆಯ ಲೆಕ್ಕ ಎರಡು ತಿಂಗಳ ಹಿಂದೆಯೇ ತೆರೆದು ಅಷ್ಟರಲ್ಲಿ ಸಾಲದ ಕಡೆಗೆ ತಿರುಗಿರುತ್ತದೆ. ಉಚಿತವೆಂಬ ಮಾತನ್ನು ಎರಡು ಕಡತಗಳನ್ನೂ ನೋಡಿದ ಮೇಲೆ ಆಡಬೇಕು.

ಎರಡನೆಯ ಕಡತವನ್ನು ತೆರೆದು ನೋಡಿದವರಲ್ಲಿ ಮೊದಲಿಗರು ಈ ಸೀಮೆಗೆ ಬಹಳ ಹತ್ತಿರದಲ್ಲಿಯೇ ಕೆಲಸಮಾಡಿದರು. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ಬಸ್ಸು ಬಳ್ಳಾರಿ ರಸ್ತೆಯನ್ನು ಹಿಡಿದು ನಗರವನ್ನು ಹೊಗುವುದು. ಆ ರಸ್ತೆಯ ಪಕ್ಕದಲ್ಲಿಯೇ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಿದೆ. ಅದು 1959ರಲ್ಲಿ ಸ್ಥಾಪಿತವಾಯಿತು. 1960ರಲ್ಲಿ ಜವಾಹರಲಾಲ್ ನೆಹರು ಅವರು ಬಂದು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಅದರ ಮುಂದೆ ದಿನಕ್ಕೆ ಸಾವಿರಾರು ಮಂದಿ ಹಾದುಹೋಗುವರು. ಬಡವರ ರೋಗಕ್ಕೆ ಬಡದೇಶವು ಹೇಗೆ ಹಣ ಹಂಚಬೇಕೆಂಬ ವಿಷಯದಲ್ಲಿ ಪ್ರಪಂಚಕ್ಕೆ ಪಾಠ ಹೇಳಿದ ಕಟ್ಟಡವಿದೆಂದು ತಿಳಿದವರು ಕೆಲವರೇ ಇದ್ದಾರು.

ಆ ಪಾಠದ ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ಅದುವರೆಗೆ ಕ್ಷಯಕ್ಕೆ ಮದ್ದೆಂದರೆ ಆರೋಗ್ಯಧಾಮ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಧಾಮವಿತ್ತು. ಚಿಂತಾಮಣಿಯಿಂದ ಮೂಡಲ ದಾರಿ ಹಿಡಿದರೆ ಮದನಪಲ್ಲಿಯ ಬಳಿ ಆರೋಗ್ಯವರವಿತ್ತು. ಒಳ್ಳೆಯ ಗಾಳಿ, ಒಳ್ಳೆಯ ಊಟ, ತಿಂಗಳುಗಟ್ಟಲೆ ವಿಶ್ರಾಂತಿ. ಪುಣ್ಯದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಾಸಿಗೆಗಳು ನೂರಾರು, ರೋಗಿಗಳು ಲಕ್ಷಗಟ್ಟಲೆ. ಅಲ್ಲದೆ 1955ರಿಂದ 1958ರವರೆಗೆ ದೇಶದಲ್ಲಿ ನಡೆದ ಮಾದರಿ ಸಮೀಕ್ಷೆಯು ಪಟ್ಟಣದ ರೋಗವೆಂದು ಎಲ್ಲರೂ ತಿಳಿದಿದ್ದ ಕ್ಷಯವು ಹಳ್ಳಿಯಲ್ಲಿಯೂ ಹೆಚ್ಚುಕಡಮೆ ಅಷ್ಟೇ ಇದೆಯೆಂದು ತೋರಿಸಿತು. ಆಗ ಜನರಲ್ಲಿ ಐದರಲ್ಲಿ ನಾಲ್ಕು ಪಾಲು ಹಳ್ಳಿಯಲ್ಲಿದ್ದರು. ಹಾಸಿಗೆ ಒಂದು ಕಡೆ, ಮಲಗಬೇಕಾದವರು ಇನ್ನೊಂದು ಕಡೆ!

ಇದೇ ಸಮಯದಲ್ಲಿ ಮದರಾಸಿನ ವೈದ್ಯರು ಒಂದು ದಿಟ್ಟ ಪರೀಕ್ಷೆ ಮಾಡಿದರು. ನಗರದ ಕಿಕ್ಕಿರಿದ ಮನೆಗಳ ಬಡರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದನ್ನು ಧಾಮಕ್ಕೆ ಸೇರಿಸಿದರು. ಇನ್ನೊಂದಕ್ಕೆ ಮನೆಯಲ್ಲಿಯೇ ಇಟ್ಟು ಅದೇ ಔಷಧ ಕೊಟ್ಟರು. ಧಾಮದವರಿಗೆ ಗಾಳಿ, ಊಟ, ವಿಶ್ರಾಂತಿ ಎಲ್ಲವೂ ಮಿಗಿಲು. ವರ್ಷ ಕಳೆದ ಮೇಲೆ ನೋಡಿದರೆ ಎರಡು ಗುಂಪಿನವರೂ ಹತ್ತಿರಹತ್ತಿರ ಒಂದೇ ಪ್ರಮಾಣದಲ್ಲಿ ಗುಣಹೊಂದಿದ್ದರು. ಮನೆಯಲ್ಲಿದ್ದವರ ಬಂಧುಗಳಿಗೆ ರೋಗ ಹೆಚ್ಚಾಗಿ ಅಂಟಿರಲೂ ಇಲ್ಲ. 1959ರಲ್ಲಿ ಇದು ಪ್ರಕಟವಾದಾಗ ಒಂದು ಹಾಸಿಗೆಯ ಖರ್ಚಿನಲ್ಲಿ ಎಷ್ಟೋ ಮನೆಗಳಿಗೆ ಔಷಧ ಹೋಗಬಹುದೆಂಬುದು ಸ್ಪಷ್ಟವಾಯಿತು. ಕರುಣೆಯ ಗುರುತಾಗಿದ್ದ ಧಾಮವು ತನಗರಿವಿಲ್ಲದೆಯೇ ಕೆಲವರ ಭಾಗ್ಯವಾಗಿ, ಹಲವರ ಪಾಲಿಗೆ ಮುಚ್ಚಿದ ಬಾಗಿಲಾಗಿತ್ತು.

ಮುಂದಿನ ಪ್ರಶ್ನೆ ಬೆಂಗಳೂರಿನ ಸಂಸ್ಥೆಯ ಪಾಲಿಗೆ ಬಂದಿತು. ಔಷಧವನ್ನು ಹಳ್ಳಿಗೆ ಮುಟ್ಟಿಸುವುದು ಹೇಗೆ? ಹಳ್ಳಿಯವನು ಅಜ್ಞಾನಿ, ರೋಗವನ್ನು ತಿಳಿಯನು, ತಾನಾಗಿ ಬರನು. ಆದ್ದರಿಂದ ಕ್ಷಕಿರಣದ ಬಂಡಿಯನ್ನು ಕೊಂಡು ಊರೂರು ತಿರುಗಿ ಅವನನ್ನು ಹುಡುಕಬೇಕು ಎಂದು ಪಂಡಿತರು ತಿಳಿದಿದ್ದರು. ಸಂಸ್ಥೆಯಲ್ಲಿದ್ದ ದೇಬಬರ ಬ್ಯಾನರ್ಜಿ ಎಂಬ ವೈದ್ಯರೂ ಸ್ಟಿಗ್ ಆಂಡರ್ಸನ್ ಎಂಬ ಡೇನಿಷ್ ವಿದ್ವಾಂಸರೂ ಈ ತಿಳಿವಳಿಕೆಯನ್ನು ಪರೀಕ್ಷಿಸಲು ಹೊರಟರು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ, ಸಮೀಕ್ಷೆಯಿಂದ ರೋಗಿಗಳೆಂದು ಗೊತ್ತಾದವರನ್ನೇ ಕಂಡು ಮಾತನಾಡಿಸಿದರು. ತಿಳಿದುಬಂದದ್ದು ಪಂಡಿತರಿಗೆ ನಾಚಿಕೆಯಾಗುವಂತಹ ಸಂಗತಿ. ಬಹುಮಂದಿಗೆ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆಯೆಂಬುದು ಚೆನ್ನಾಗಿ ಗೊತ್ತಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಯಾವುದೋ ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದಿದ್ದರು. ಅಲ್ಲಿ ಅವರ ಕಫವನ್ನು ನೋಡದೆ ಕೆಮ್ಮಿನ ಔಷಧವನ್ನು ಸೀಸೆಗೆ ಸುರಿದು ಕಳುಹಿಸಿದ್ದರು. “ಯಾಕಮ್ಮಾ, ಇಷ್ಟು ದಿನ ಬರಲಿಲ್ಲ?” ಎಂದು ಕೇಳುವ ವೈದ್ಯನಿಗೆ, “ಬಂದಿದ್ದೆ ಸ್ವಾಮಿ, ತಾವೇ ಸೀಸೆ ಕೊಟ್ಟು ಕಳಿಸಿದಿರಿ” ಎಂದು ಉತ್ತರ ಹೇಳಬಹುದಾಗಿದ್ದ ಜನ ಅವರು.

ಈ ಅಧ್ಯಯನ ಅಚ್ಚಾದದ್ದು 1963ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಕೆನೆತ್ ಆರೋ ಎಂಬ ಅರ್ಥಶಾಸ್ತ್ರಜ್ಞನು ಚಿಕಿತ್ಸೆಯು ಸಂತೆಯ ಉಳಿದ ಸರಕಿನಂತಲ್ಲವೆಂದು ವಾದಿಸಿ ಒಂದು ಲೇಖನ ಬರೆದನು. ರೋಗ ಯಾವಾಗ ಬರುವುದೆಂದು ಕೊಳ್ಳುವವನು ಅರಿಯನು. ಬಂದಾಗ ಏನು ಬೇಕೆಂಬುದನ್ನು ಮಾರುವವನೇ ಹೇಳಬೇಕು. ಚಿಂತಾಮಣಿಯ ಮಂಡಿಯಲ್ಲಿ ಟೊಮೆಟೊ ಕೊಳ್ಳುವವನು ಹಣ್ಣನ್ನು ಒತ್ತಿ ನೋಡಿ ಬೇಡವೆಂದು ಮುಂದಕ್ಕೆ ಹೋಗಬಹುದು. ಎದೆನೋವಿನವನು ಆಸ್ಪತ್ರೆಯ ಬಾಗಿಲಲ್ಲಿ ಚೌಕಾಸಿ ಮಾಡಲಾರನು. ಆರೋಗ್ಯದ ಅರ್ಥಶಾಸ್ತ್ರದ ಮೂಲಗ್ರಂಥಗಳಲ್ಲಿ ಆರೋನ ಲೇಖನವನ್ನು ಎಣಿಸುವುದು ವಾಡಿಕೆ. ತುಮಕೂರಿನ ಹಳ್ಳಿಗಳ ಅಧ್ಯಯನವನ್ನು ಅದರ ಪಕ್ಕದಲ್ಲಿ ಇಟ್ಟರೆ ಅನ್ಯಾಯವಾಗದು. ಒಂದು ಸಂತೆಯ ಸ್ವಭಾವವನ್ನು ಹೇಳಿತು. ಇನ್ನೊಂದು ಸಂತೆಗೆ ಬಂದು ಬರಿಗೈಯಲ್ಲಿ ಹಿಂದಿರುಗಿದವರನ್ನು ಎಣಿಸಿತು.

ಈ ಎಣಿಕೆಯ ಮೇಲೆ ನಿಂತದ್ದು 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ. ಬೇರೆ ಬಂಡಿ ಬೇಡ, ಬೇರೆ ಅರಮನೆ ಬೇಡ. ಜನರು ಆಗಲೇ ಬರುತ್ತಿರುವ ಸಾಮಾನ್ಯ ಆಸ್ಪತ್ರೆಯಲ್ಲಿ ಒಂದು ಸೂಕ್ಷ್ಮದರ್ಶಕ, ಕಫ ನೋಡಬಲ್ಲ ಒಬ್ಬ ಮನುಷ್ಯ, ಮನೆಗೆ ಒಯ್ಯಲು ಔಷಧ. ಇದಕ್ಕಿಂತ ಅಗ್ಗವೂ ನ್ಯಾಯವೂ ಆದ ಹಂಚಿಕೆಯನ್ನು ಊಹಿಸುವುದು ಕಷ್ಟ. ಆದರೂ ಕಥೆ ಇಲ್ಲಿಗೆ ಸುಖಾಂತವಾಗಲಿಲ್ಲ. ಅಗ್ಗವೆಂದು ತಿಳಿದುಬಂದದ್ದಕ್ಕೆ ಆ ಅಗ್ಗದ ಹಣವನ್ನೂ ಪೂರ್ತಿಯಾಗಿ ಒದಗಿಸಲಿಲ್ಲ. 1992ರಲ್ಲಿ ಕಾರ್ಯಕ್ರಮವನ್ನು ಪರಿಶೀಲಿಸಿದಾಗ ಚಿಕಿತ್ಸೆಯನ್ನು ಮುಗಿಸುತ್ತಿದ್ದವರು ಅರ್ಧಕ್ಕಿಂತ ಕಡಮೆಯೆಂದು ಕಂಡು, ಮರುವರ್ಷದಿಂದ ಅದನ್ನು ಹೊಸದಾಗಿ ಕಟ್ಟಬೇಕಾಯಿತು. ಲೆಕ್ಕವು ದಾರಿ ತೋರಿಸಬಲ್ಲದು. ನಡೆಯುವ ಕಾಲುಗಳನ್ನು ಅದು ಕೊಡಲಾರದು.

ಬೆಂಗಳೂರಿನಲ್ಲಿಯೂ ಮದರಾಸಿನಲ್ಲಿಯೂ ಕಲಿತ ಪಾಠ ಸಮುದ್ರವನ್ನು ದಾಟಿತು. ಆಫ್ರಿಕದ ದೇಶಗಳು ಇದೇ ಹಾಸಿಗೆಯ ಪ್ರಶ್ನೆಯನ್ನು ಇನ್ನೂ ಕಿರಿದಾದ ಹಾಸಿಗೆಯ ಮೇಲೆ ಎದುರಿಸಿದುವು. ಟಾಂಜಾನಿಯದಲ್ಲಿ ಕರೆಲ್ ಸ್ಟಿಬ್ಲೊ ಎಂಬ ವೈದ್ಯರು 1970ರ ದಶಕದ ಕೊನೆಯಿಂದ ಕ್ಷಯದ ಕಾರ್ಯಕ್ರಮವನ್ನು ಕಟ್ಟಿ, ಪ್ರತಿಯೊಬ್ಬ ರೋಗಿಯ ಹೆಸರು ಪುಸ್ತಕಕ್ಕೆ ಏರುವಂತೆಯೂ ಅವನ ಗತಿಯೇನಾಯಿತೆಂದು ಕೊನೆಯಲ್ಲಿ ಬರೆಯುವಂತೆಯೂ ಮಾಡಿದರು. 1991ರಲ್ಲಿ ಟಾಂಜಾನಿಯ, ಮಲಾವಿ, ಮೊಜಾಂಬಿಕ್ ದೇಶಗಳ ಲೆಕ್ಕವನ್ನು ಕೂಡಿಸಿ ನೋಡಿದ ಅಧ್ಯಯನವೊಂದು, ಕ್ಷಯದ ಚಿಕಿತ್ಸೆಯಿಂದ ಉಳಿಯುವ ಆಯುಸ್ಸಿನ ಒಂದೊಂದು ವರ್ಷಕ್ಕೆ ತಗಲುವುದು ಕೆಲವೇ ಡಾಲರುಗಳೆಂದು ತೋರಿಸಿತು. ಬಡದೇಶಕ್ಕೆ ಇದು ತಾಳಲಾರದ ಖರ್ಚೆಂದು ಅದುವರೆಗೆ ಹೇಳುತ್ತಿದ್ದವರ ಬಾಯಿ ಕಟ್ಟಿತು. 1993ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕ್ಷಯವನ್ನು ಜಗತ್ತಿನ ತುರ್ತು ವಿಪತ್ತೆಂದು ಸಾರಿತು.

ಆದರೆ ಆಫ್ರಿಕದವರು ಅಷ್ಟಕ್ಕೇ ನಿಲ್ಲದೆ ಎರಡನೆಯ ಕಡತವನ್ನೂ ತೆರೆದುದು ಅವರ ಹೆಚ್ಚುಗಾರಿಕೆ. ಮಲಾವಿಯ ರಾಜಧಾನಿ ಲಿಲಾಂಗ್ವೆಯಲ್ಲಿ ಕ್ಷಯದ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಉಚಿತವಾದ ಈ ಸೇವೆಯನ್ನು ಬಡವನು ಕೊಳ್ಳಬಲ್ಲನೆ ಎಂದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೇಳಿತು. ಪ್ರಶ್ನೆ ವಿಚಿತ್ರವಾಗಿ ಕಂಡರೂ ಉತ್ತರದಲ್ಲಿ ವಿನೋದವಿರಲಿಲ್ಲ. ರೋಗವಾವುದೆಂದು ಗೊತ್ತಾಗುವ ಹೊತ್ತಿಗೆ ಸರಾಸರಿ ರೋಗಿಯು ಹದಿನೆಂಟು ದಿನಗಳ ಸಂಪಾದನೆಯನ್ನು ಕಳೆದಿದ್ದನು. ಇಪ್ಪತ್ತೆರಡು ದಿನಗಳ ಕೆಲಸ ತಪ್ಪಿತ್ತು. ಎಲ್ಲವನ್ನೂ ಸೇರಿಸಿದರೆ ಬಡವರಿಗೆ ತಗಲಿದ್ದು ತಿಂಗಳ ಆದಾಯದ ಎರಡೂವರೆ ಪಟ್ಟು. ಬಡವರಲ್ಲದವರಿಗೆ ಇದರ ಅರ್ಧದಷ್ಟು ಮಾತ್ರ. ಒಂದೇ ಬಾಗಿಲು, ಒಂದೇ ಉಚಿತವೆಂಬ ಫಲಕ. ಒಳಕ್ಕೆ ಹೋಗಲು ಬಡವನು ಕೊಟ್ಟ ಸುಂಕ ಮಾತ್ರ ಎರಡರಷ್ಟು. ಶಿಡ್ಲಘಟ್ಟದ ನೂಲಿನ ಹೆಂಗಸಿಗೆ ಲಿಲಾಂಗ್ವೆ ಬಹಳ ದೂರದ ಊರಲ್ಲ.

ಉಗಾಂಡ ದೇಶದ ಅನುಭವವೂ ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ. 2001ರಲ್ಲಿ ಅಲ್ಲಿಯ ಸರ್ಕಾರ ತನ್ನ ಆಸ್ಪತ್ರೆಗಳ ಶುಲ್ಕವನ್ನು ತೆಗೆದುಹಾಕಿತು. ಬಡವರು ಹೆಚ್ಚಾಗಿ ಬರತೊಡಗಿದರು. ಅದು ನಿಜವಾದ ಲಾಭ. ಆದರೆ ಕೆಲವು ವರ್ಷಗಳ ತರುವಾಯ ಮನೆಗಳ ಲೆಕ್ಕ ತೆಗೆದವರಿಗೆ, ಚಿಕಿತ್ಸೆಯ ಖರ್ಚಿನಿಂದ ನೆಲಕಚ್ಚುವ ಬಡಕುಟುಂಬಗಳ ಪ್ರಮಾಣ ಇಳಿಯಲಿಲ್ಲವೆಂದು ಕಂಡಿತು. ಬಂದವರ ಸಂಖ್ಯೆಗೆ ತಕ್ಕಷ್ಟು ಔಷಧ ಆಸ್ಪತ್ರೆಯಲ್ಲಿ ಇಲ್ಲದೆ, ಚೀಟಿ ಹಿಡಿದು ಅಂಗಡಿಗೆ ಹೋಗಬೇಕಾದುದೇ ಇದಕ್ಕೆ ಕಾರಣವಿರಬೇಕೆಂದು ಅವರು ತರ್ಕಿಸಿದರು. ಬಾಗಿಲನ್ನು ತೆರೆದು ಕಣಜವನ್ನು ಬರಿದಾಗಿಟ್ಟರೆ ಅತಿಥಿಸತ್ಕಾರವಾಗದಷ್ಟೆ.

ದೂರದ ಈ ಮಾತುಗಳಿಂದ ಮರಳಿ ಕರ್ನಾಟಕಕ್ಕೆ ಬಂದರೆ, ಇಲ್ಲಿಯೇ ನಡೆದ ಒಂದು ಅಳತೆ ಇನ್ನೂ ಹತ್ತಿರದಿಂದ ಮನಸ್ಸನ್ನು ತಟ್ಟುತ್ತದೆ. 2010ರಲ್ಲಿ ರಾಜ್ಯ ಸರ್ಕಾರವು ವಾಜಪೇಯಿ ಆರೋಗ್ಯಶ್ರೀ ಎಂಬ ಯೋಜನೆಯನ್ನು ಆರಂಭಿಸಿತು. ಬಡತನದ ರೇಖೆಯ ಕೆಳಗಿನ ಕುಟುಂಬಗಳಿಗೆ ಹೃದಯ, ಮೂತ್ರಪಿಂಡ, ಅರ್ಬುದ ಮೊದಲಾದ ದೊಡ್ಡ ರೋಗಗಳಲ್ಲಿ ದೊಡ್ಡ ಆಸ್ಪತ್ರೆಯ ಚಿಕಿತ್ಸೆಯು ಹಣವಿಲ್ಲದೆ ದೊರೆಯಬೇಕೆಂಬುದು ಉದ್ದೇಶ. ಮುಂಗಡವಾಗಿ ಹೆಸರು ನೋಂದಾಯಿಸಬೇಕಾಗಿರಲಿಲ್ಲ, ಪಡಿತರ ಚೀಟಿಯೇ ಸಾಕು. ಹಳ್ಳಿಗಳಲ್ಲಿ ಶಿಬಿರ ನಡೆಸಿ ರೋಗಿಗಳನ್ನು ಕಂಡುಹಿಡಿಯುತ್ತಿದ್ದರು. ಇಡೀ ರಾಜ್ಯಕ್ಕೆ ಒಮ್ಮೆಗೇ ಹರಡಲಾರದೆ, ಬಡತನ ಹೆಚ್ಚಾಗಿದ್ದ ಉತ್ತರದ ಜಿಲ್ಲೆಗಳಲ್ಲಿ ಮೊದಲು ಜಾರಿಗೆ ತಂದರು. 2002ರಲ್ಲಿ ಡಿ. ಎಂ. ನಂಜುಂಡಪ್ಪನವರ ಸಮಿತಿಯು ತಾಲ್ಲೂಕು ತಾಲ್ಲೂಕುಗಳನ್ನೇ ಅಳೆದು 114 ಹಿಂದುಳಿದ ತಾಲ್ಲೂಕುಗಳನ್ನು ಪಟ್ಟಿ ಮಾಡಿದ ಮೇಲೆ, ಉತ್ತರಕ್ಕೆ ಮೊದಲ ಪಾಲೆಂಬುದು ನ್ಯಾಯವೆಂದೇ ತೋರುತ್ತಿತ್ತು. ದಕ್ಷಿಣದ ಜಿಲ್ಲೆಗಳು ಕಾಯಬೇಕಾಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೂ ಕಾದುವು.

ಹೀಗೆ ರಾಜ್ಯದ ನಡುವೆ ಒಂದು ಗೆರೆ ಬಿದ್ದಿತು. ಗೆರೆಯ ಈಚೆಗೂ ಆಚೆಗೂ ಅದೇ ಮಣ್ಣು, ಅದೇ ಮಾತು, ಅದೇ ಬಡತನ. ಆಚೆಯವನಿಗೆ ಯೋಜನೆಯುಂಟು, ಈಚೆಯವನಿಗೆ ಇಲ್ಲ. ಬೆಂಗಳೂರಿನ ಐ. ಐ. ಎಂ.ನ ಅರ್ನಬ್ ಮುಖರ್ಜಿಯವರೂ ಅಮೆರಿಕದ ನೀರಜ್ ಸೂದ್ ಮೊದಲಾದವರೂ ಗೆರೆಯ ಎರಡೂ ಕಡೆಯ 572 ಹಳ್ಳಿಗಳಲ್ಲಿ ಮನೆಮನೆಯನ್ನು ವಿಚಾರಿಸಿದರು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಯೋಜನೆಗೆ ಸೇರಿದ ರೋಗಗಳಿಂದ ಬಡಕುಟುಂಬಗಳಲ್ಲಿ ಆದ ಮರಣ ಗೆರೆಯ ಆಚೆ ಶೇಕಡ 0.32, ಈಚೆ ಶೇಕಡ 0.90. ಯೋಜನೆಗೆ ಸೇರದ, ರೇಖೆಯ ಮೇಲಿನ ಕುಟುಂಬಗಳಲ್ಲಿ ಎರಡು ಕಡೆಗೂ ವ್ಯತ್ಯಾಸವಿರಲಿಲ್ಲ. ಎಂದರೆ ಮರಣವನ್ನು ತಗ್ಗಿಸಿದ್ದು ಗಾಳಿಯೂ ಅಲ್ಲ, ನೀರೂ ಅಲ್ಲ. ಕೈಯಲ್ಲಿದ್ದ ಒಂದು ಚೀಟಿ.

ಈ ಎರಡು ಅಂಕಿಗಳನ್ನು ಓದುವಾಗ ಸಂತೋಷದೊಡನೆ ಒಂದು ಸಂಕಟವೂ ಬರಬೇಕಾದದ್ದು ಸಹಜ. 0.32 ಎಂಬುದು ಉಳಿದವರ ಕಥೆಯಾದರೆ 0.90 ಎಂಬುದರಲ್ಲಿ ಕಾದವರ ಕಥೆಯಿದೆ. ಆ ಗೆರೆ ಇಲ್ಲದೆ ಇದ್ದರೆ ಯೋಜನೆಯಿಂದ ಏನು ಫಲವಾಯಿತೆಂದು ಯಾರೂ ಇಷ್ಟು ದೃಢವಾಗಿ ಹೇಳಲಾಗುತ್ತಿರಲಿಲ್ಲ. ಆ ಗೆರೆ ಇದ್ದುದರಿಂದಲೇ ಈಚೆಯ ಕೆಲವರು ಉಳಿಯಲಿಲ್ಲ. ತಿಳಿವಳಿಕೆಗೆ ಕಾದವರು ತೆತ್ತ ಬೆಲೆಯಿದು. ಇಂತಹ ಬೆಲೆಯನ್ನು ಒಂದು ಸಲ ತೆತ್ತ ಮೇಲೆ, ಬಂದ ಅರಿವನ್ನು ಬಳಸದೆ ಬಿಡುವುದು ಎರಡನೆಯ ಅನ್ಯಾಯವಾಗುತ್ತದೆ. ಅದೃಷ್ಟವಶಾತ್ 2012ರಲ್ಲಿ ಯೋಜನೆಯು ದಕ್ಷಿಣಕ್ಕೂ ಬಂದಿತು. 2018ರಲ್ಲಿ ಅದೂ ಬೇರೆ ಯೋಜನೆಗಳೂ ಆರೋಗ್ಯ ಕರ್ನಾಟಕದಲ್ಲಿ ಸೇರಿ, ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿ, ಅರ್ಹ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಅವಕಾಶವಾಯಿತು. ದೇಶದಲ್ಲಿ ಆರೋಗ್ಯಕ್ಕಾಗುವ ಒಟ್ಟು ವೆಚ್ಚದಲ್ಲಿ ಜನರು ಕೈಯಿಂದ ಹಾಕುವ ಭಾಗ 2013-14ರಲ್ಲಿ ಶೇಕಡ 64.2 ಇದ್ದದ್ದು 2021-22ರಲ್ಲಿ ಶೇಕಡ 39.4ಕ್ಕೆ ಇಳಿದಿದೆಯೆಂದು ರಾಷ್ಟ್ರೀಯ ಆರೋಗ್ಯ ಲೆಕ್ಕವು ಹೇಳುತ್ತದೆ. ಇಳಿದದ್ದು ಒಳ್ಳೆಯದೇ, ನೂರಕ್ಕೆ ಮೂವತ್ತೊಂಬತ್ತು ಇನ್ನೂ ಮಡಿಲಿನಿಂದಲೇ ಹೋಗುತ್ತಿದೆಯೆಂಬುದನ್ನೂ ಅದರೊಡನೆಯೇ ನೆನೆಯಬೇಕು. ಅಲ್ಲದೆ ಈ ಲೆಕ್ಕದಲ್ಲಿ ತಪ್ಪಿದ ಕೂಲಿ ಸೇರುವುದಿಲ್ಲ, ಒತ್ತೆಯ ಬಡ್ಡಿಯೂ ಸೇರುವುದಿಲ್ಲ.

ಇನ್ನು, ಯಾವ ವಿಮೆಯ ಚೀಟಿಗೂ ಸಿಕ್ಕದ ರೋಗವೊಂದು ಈ ಸೀಮೆಯ ನೆಲದೊಳಗೇ ಇದೆ. ನಂದಿಯ ಬೆಟ್ಟಗಳ ಸುತ್ತ ಹುಟ್ಟುವ ಪಿನಾಕಿನಿಗಳು ಇಲ್ಲಿ ವರ್ಷವೆಲ್ಲ ಹರಿಯುವುದಿಲ್ಲ. ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಗೂ ಆಳಕ್ಕೆ ಇಳಿದಿವೆ. ಬಹಳ ಕಡೆ ಆ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಮಕ್ಕಳ ಹಲ್ಲು ಕಂದುಗಟ್ಟುವುದು, ಹಿರಿಯರ ಕೀಲು ಬಿಗಿಯುವುದು. ಎಲುಬಿಗೆ ಇಳಿದ ಮೇಲೆ ಅದನ್ನು ಹಿಂದಕ್ಕೆ ತಿರುಗಿಸುವ ಮದ್ದಿಲ್ಲ. ಐದು ಲಕ್ಷದ ಚೀಟಿ ಇದ್ದರೂ ಆಸ್ಪತ್ರೆಯಲ್ಲಿ ಕೊಳ್ಳಬಹುದಾದದ್ದು ಏನೂ ಇಲ್ಲ. ಇದರ ಔಷಧ ಒಳ್ಳೆಯ ನೀರು. ಅದರ ಹಣ ಬೇರೊಂದು ಇಲಾಖೆಯ ಕಡತದಲ್ಲಿದೆ. ಹೀಗೆಯೇ 2023ರ ಜೂನಿನಿಂದ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಹಣ ಕೊಡದೆ ಹೋಗಬಹುದಾದುದು ಸಾರಿಗೆಯ ಲೆಕ್ಕ; ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಅರವತ್ತು, ಎಂಬತ್ತು ಕಿಲೋಮೀಟರು ತಿರುಗಬೇಕಾದ ತಾಯಿಗೆ ಅದು ಆರೋಗ್ಯದ ಲೆಕ್ಕವೂ ಹೌದು. ರೋಗಿಯ ಮನೆಯಲ್ಲಿ ಇಲಾಖೆಗಳಿಲ್ಲ.

ಊಟವೂ ಇಂತಹದೇ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ ಭಾರ್ಗವರೂ ಜೊತೆಯವರೂ ಝಾರ್ಖಂಡದಲ್ಲಿ ಕ್ಷಯರೋಗಿಗಳ ಮನೆಯವರಿಗೆ ತಿಂಗಳು ತಿಂಗಳೂ ಅಕ್ಕಿಬೇಳೆ ಕೊಟ್ಟು ನೋಡಿದರು. ಮನೆಯ ಉಳಿದವರಿಗೆ ಕ್ಷಯ ತಗಲುವುದು ಶೇಕಡ 39ರಷ್ಟು ಕಡಮೆಯಾಯಿತೆಂದು 2023ರಲ್ಲಿ ಪ್ರಕಟಿಸಿದರು. ಚಿಕಿತ್ಸೆಯಲ್ಲಿರುವ ಕ್ಷಯರೋಗಿಗೆ ಆಹಾರಕ್ಕೆಂದು 2018ರಿಂದ ಕೊಡುತ್ತಿದ್ದ ತಿಂಗಳ ಐದು ನೂರು ರೂಪಾಯಿಯನ್ನು ಕೇಂದ್ರ ಸರ್ಕಾರ 2024ರಲ್ಲಿ ಸಾವಿರಕ್ಕೆ ಏರಿಸಿತು. ಅಕ್ಕಿಯೂ ಬೇಳೆಯೂ ಔಷಧದ ಪಟ್ಟಿಗೆ ಸೇರಬೇಕೆಂದು ಅಜ್ಜಿಯರು ಮೊದಲಿನಿಂದಲೂ ಹೇಳುತ್ತಿದ್ದರು. ಎಣಿಸಿ ತೋರಿಸಿದ ಮೇಲೆ ಬೊಕ್ಕಸದವರಿಗೂ ಕೇಳಿಸಿತು.

ಹಾಗೆಂದು ಎಣಿಕೆಯನ್ನೇ ದೇವರೆಂದು ಕೂರಿಸಬಾರದು. ಮಲಾವಿಯಲ್ಲಿ 2004ರಿಂದ ಅವಶ್ಯಚಿಕಿತ್ಸೆಗಳ ಒಂದು ಪಟ್ಟಿಯಿತ್ತು. ಪಟ್ಟಿಯಲ್ಲಿದ್ದುದೆಲ್ಲ ಎಲ್ಲರಿಗೂ ಉಚಿತವೆಂದು ಮಾತು. ಪಟ್ಟಿ ಉದ್ದ, ಬೊಕ್ಕಸ ಗಿಡ್ಡ. ಯಾವುದು ಯಾವಾಗ ಸಿಕ್ಕುವುದೆಂಬುದನ್ನು ನ್ಯಾಯದ ಬದಲು ಅದೃಷ್ಟವೇ ನಿರ್ಣಯಿಸುತ್ತಿತ್ತು. ಅಲ್ಲಿಯ ಆರೋಗ್ಯ ಇಲಾಖೆಯವರು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾನಿಲಯದ ಪಂಡಿತರೊಡನೆ ಕುಳಿತು, ಖರ್ಚಾಗುವ ಹಣಕ್ಕೆ ಯಾವ ಚಿಕಿತ್ಸೆಯಿಂದ ಎಷ್ಟು ಆಯುರಾರೋಗ್ಯ ದೊರೆಯುವುದೆಂದು ಕ್ರಮಪಡಿಸಿ, 2017ರಲ್ಲಿ ಪಟ್ಟಿಯನ್ನು ತಿದ್ದಿದರು. ಇದು ಪ್ರಾಮಾಣಿಕವಾದ ಕೆಲಸ. ಆದರೂ ಇಲ್ಲಿ ಒಂದು ಅಪಾಯ ಅಡಗಿದೆ. ಒಂದು ರೂಪಾಯಿಗೆ ಅತಿ ಹೆಚ್ಚು ಫಲ ಬರುವುದು ರಸ್ತೆಯ ಬದಿಯ ದೊಡ್ಡ ಊರಿನಲ್ಲಿ. ಗೌರಿಬಿದನೂರಿನ ಮೂಲೆಯ ಹಟ್ಟಿಗೆ ಅದೇ ಲಸಿಕೆ ಒಯ್ಯಲು ಎರಡು ರೂಪಾಯಿ ಬೇಕು. ಫಲವನ್ನು ಮಾತ್ರ ನೋಡಿದರೆ ಹಟ್ಟಿಯು ಎಂದಿಗೂ ಪಟ್ಟಿಯ ಕೊನೆಯಲ್ಲಿಯೇ ಉಳಿಯುವುದು. ಆದುದರಿಂದ ಒಟ್ಟು ಎಷ್ಟು ಮಂದಿಗೆ ಗುಣವಾಯಿತೆಂಬ ಪ್ರಶ್ನೆಯ ಜೊತೆಗೆ, ಗುಣವಾದವರು ಯಾರು, ಉಳಿದುಹೋದವರು ಯಾರು ಎಂದೂ ಕೇಳಬೇಕು. ಮೊದಲನೆಯದನ್ನು ಕೇಳಿ ಎರಡನೆಯದನ್ನು ಬಿಟ್ಟ ಅರ್ಥಶಾಸ್ತ್ರವು ಬರಿಯ ಮಿತವ್ಯಯ. ಎರಡನ್ನೂ ಕೇಳುವುದು ನ್ಯಾಯಕ್ಕೆ ಸಮೀಪವಾದದ್ದು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪರೀಕ್ಷಿಸದೆ ಯಾವುದನ್ನೂ ಒಪ್ಪಬಾರದೆಂಬುದನ್ನು ವಿದ್ಯಾರ್ಥಿಗಳ ತಲೆಮಾರುಗಳಿಗೆ ಕಲಿಸಿದರು. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ಬಳೆ ಮಾರಿ ಬಾಳುತ್ತಿದ್ದರೆಂದು ಜನ ಹೇಳುವರು. ಬಳೆಗಾರನ ಕಸುಬನ್ನು ನೋಡಿದವರಿಗೆ ಅಳತೆಯೂ ಮೃದುತ್ವವೂ ಹೇಗೆ ಒಂದೇ ಕೈಯಲ್ಲಿ ಇರಬಲ್ಲುವೆಂಬುದು ಗೊತ್ತು. ಅವನು ಮೊದಲು ಮುಂಗೈಯನ್ನು ಹಿಡಿದು ಗಾತ್ರ ನೋಡುವನು. ನೋಡದೆ ತೊಡಿಸಿದರೆ ಬಳೆ ಒಡೆಯುವುದು, ಇಲ್ಲವೆ ಕೈ ಗಾಯವಾಗುವುದು. ಅಳೆದದ್ದಕ್ಕಾಗಿ ಬಳೆಗಾರನನ್ನು ಕಠಿಣಹೃದಯನೆಂದು ಯಾವ ಹೆಂಗಸೂ ಬೈದದ್ದಿಲ್ಲ.

2007ರಲ್ಲಿ ಕೋಲಾರದಿಂದ ಬೇರೆಯಾದ ಈ ಚಿಕ್ಕ ಜಿಲ್ಲೆಗೆ ದೊಡ್ಡ ವಿದ್ವಾಂಸರು ಬಂದು ಅಳೆಯಲೆಂದು ಕಾಯಬೇಕಾಗಿಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ ಹೆಸರು, ವಯಸ್ಸು, ರೋಗ ಎಂಬ ಅಂಕಣಗಳ ಪಕ್ಕದಲ್ಲಿ ಇನ್ನು ಮೂರು ಅಂಕಣ ಗೆರೆಯೆಳೆದರೆ ಸಾಕು: ಎಷ್ಟು ದೂರದಿಂದ ಬಂದದ್ದು, ಎಷ್ಟು ಕೂಲಿ ತಪ್ಪಿದ್ದು, ಸಾಲ ಎಲ್ಲಿಂದ ತಂದದ್ದು. ನಾಲ್ಕನೆಯ ಪ್ರಶ್ನೆಯೊಂದುಂಟು, ಅದನ್ನು ಆಸ್ಪತ್ರೆಯಲ್ಲಿ ಕುಳಿತು ಕೇಳಲಾಗುವುದಿಲ್ಲ. ಬರಬೇಕಾಗಿದ್ದು ಬಾರದವರು ಯಾರು ಎಂಬುದು ಅದು. ಅದರ ಉತ್ತರ ಆಶಾ ಕಾರ್ಯಕರ್ತೆಯರಿಗೆ, ಡೇರಿಯಲ್ಲಿ ಹಾಲು ಅಳೆಯುವವರಿಗೆ, ಶಾಲೆಯ ಮೇಷ್ಟರಿಗೆ ಬಾಯಲ್ಲಿಯೇ ಇದೆ. ಅದನ್ನು ಕೇಳಿ ಬರೆದುಕೊಳ್ಳುವವರು ಬೇಕು. ಬರೆದದ್ದನ್ನು ಓದಿ, ಮುಂದಿನ ವರ್ಷದ ಹಣವನ್ನು ಅದರಂತೆ ಹಂಚುವವರು ಅದಕ್ಕಿಂತಲೂ ಹೆಚ್ಚಾಗಿ ಬೇಕು.